ಸುಣ್ಣದ ಮೇಲೆ ಸುಣ್ಣ: ಹಳೆ ಆಕ್ಟೇವಿಯಾ ಆರ್‌ಎಸ್‌ನಲ್ಲಿ ಯಾರ‍್ಯಾರು ಏನೇನು ಮಾಡಿದ್ದರು?

ಬಿ.ಸಿ. ರೋಡ್ ದಾಟಿ ಸ್ವಲ್ಪ ಮುಂದೆ ಬಂದಿದ್ದೆ. ಎದುರಿಗೆ ಒಂದು ಗ್ಯಾಸ್ ಟ್ಯಾಂಕರ್. ಮೂರನೇ ಗೇರಿಗೆ ಇಳಿಸಿ ಆಕ್ಸಿಲರೇಟರ್ ಒತ್ತಿದೆ. ಮೂರೂವರೆ ಸಾವಿರ ಆರ್‌ಪಿಎಂ ತನಕ ಕಾರು ಚೆನ್ನಾಗಿಯೇ ಎಳೆಯಿತು. ಆಮೇಲೆ ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ ಹಾಗೆ ಎರಡು ಸಲ ಕುಕ್ಕಿತು. ಕಾಲು ತೆಗೆದೆ. ಮತ್ತೆ ಒತ್ತಿದೆ. ಮತ್ತೆ ಕುಕ್ಕಿತು.

ಅದೇ ದಿನ ಬೆಳಿಗ್ಗೆ ಬೆಂಗಳೂರಿನಲ್ಲಿ ಇದೇ ಕಾರನ್ನು ಓಡಿಸಿ ನೋಡಿ, ಖುಷಿಯಾಗಿ, ದುಡ್ಡು ಕೊಟ್ಟು ತಂದಿದ್ದೆ. ಅಲ್ಲಿ ಒಂದು ಕೆಮ್ಮೂ ಇರಲಿಲ್ಲ. ಶಿರಾಡಿ ಘಾಟಿ ಇಳಿಯುವಷ್ಟರಲ್ಲಿ ಏನಾಯಿತು? ಈ ಪ್ರಶ್ನೆಗೆ ಉತ್ತರ ಸಿಗಲು ನನಗೆ ಏಳು ಭಾನುವಾರ ಬೇಕಾಯಿತು. ಉತ್ತರ ಮಾತ್ರ ಆ ಪ್ರಶ್ನೆಯೊಳಗೇ ಇತ್ತು.

ಕಾರು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್, ಸಿಲಿಂಡರಿಗೆ ಐದರಂತೆ ಒಟ್ಟು 20 ವಾಲ್ವ್, ಕೆ03 ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ), ಐದು ಗೇರ್. ಕಂಪನಿ ಲೆಕ್ಕದಲ್ಲಿ 150 ಪಿಎಸ್, 210 ಎನ್‌ಎಂ. ನಮ್ಮಲ್ಲಿ ಆ ಕಾಲಕ್ಕೆ ಟರ್ಬೊ ಪೆಟ್ರೋಲ್ ಕಾರೇ ಅಪರೂಪ. ಹಾಗಾಗಿ ಈ ಗಾಡಿಗಳು ಕೈಯಿಂದ ಕೈಗೆ ದಾಟಿದ್ದು ಹೆಚ್ಚಾಗಿ ಕಾರಿನ ಹುಚ್ಚಿರುವವರ ನಡುವೆಯೇ. ಹುಚ್ಚಿರುವವರ ಕೈಯಲ್ಲಿ ಸ್ಪ್ಯಾನರ್ ಸುಮ್ನೆ ಇರುತ್ತದಾ?

ಮಾರಿದವರು ಮೂರನೇ ಓನರ್. ಸಭ್ಯ ಮನುಷ್ಯ. "ಸ್ಟೇಜ್ ಒನ್ ಮ್ಯಾಪ್ ಮಾತ್ರ ಸರ್, ಬೇರೇನೂ ಮುಟ್ಟಿಲ್ಲ" ಎಂದಿದ್ದರು. ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ, ಇಸಿಯುವಿನ, ಸಾಫ್ಟ್‌ವೇರ್ ಮಾತ್ರ ಬದಲಾಯಿಸಿ ಶಕ್ತಿ ಏರಿಸಿದ್ದು. ಅವರು ಸುಳ್ಳು ಹೇಳಿದರು ಎಂದು ನನಗೆ ಈಗಲೂ ಅನಿಸುವುದಿಲ್ಲ. ಅವರಿಗೂ ಗೊತ್ತಿರಲಿಲ್ಲ, ಅಷ್ಟೇ.

ಮೊದಲ ವಾರ ಒಂದೇ ಒಂದು ಬೋಲ್ಟನ್ನೂ ಬಿಚ್ಚಲಿಲ್ಲ. ಟಾರ್ಚ್, ಕನ್ನಡಿ, ಮೊಬೈಲ್ ಕ್ಯಾಮೆರಾ, ಒಂದು ನೋಟ್‌ಬುಕ್ ಹಿಡಿದುಕೊಂಡು ಸುಮ್ನೆ ನೋಡಿದೆ. ಹೊಸ ಪ್ಲಗ್, ಹೊಸ ಕಾಯಿಲ್ ಹಾಕಿ ನೋಡೋಣ ಎಂದು ಕೈ ತುರಿಸುತ್ತಿತ್ತು. ತಡೆದುಕೊಂಡೆ. ಏನಿದೆ ಎಂದು ತಿಳಿಯುವ ಮೊದಲೇ ಪಾರ್ಟ್ ಬದಲಾಯಿಸಿದರೆ, ಆ ಕಾರಿನ ಮೇಲೆ ಕೈಯಾಡಿಸಿದ ನಾಲ್ಕನೆಯವನು ನಾನೇ ಆಗುತ್ತಿದ್ದೆ.

ಬರೀ ನೋಡಿದ್ದಕ್ಕೇ ಬಹಳಷ್ಟು ಸಿಕ್ಕಿತು. ಕಂಪನಿ ಹಾಕುವ ಸ್ಪ್ರಿಂಗ್ ಕ್ಲಿಪ್ ಬದಲು ಮೂರು ತರಹದ ಸ್ಕ್ರೂ ಕ್ಲಿಪ್‌ಗಳಿದ್ದವು. ಕೆಲವು ತುಕ್ಕು ಹಿಡಿದು ಕೆಂಪಾಗಿದ್ದವು, ಕೆಲವು ಮಾಸಿದ್ದವು, ಎರಡು ಹೊಸತರ ಹಾಗೆ ಹೊಳೆಯುತ್ತಿದ್ದವು. ಅಂದರೆ ಕನಿಷ್ಠ ಮೂರು ಬೇರೆ ಬೇರೆ ಕಾಲದ ಕೈಗಳು. ಹಳೆ ಮನೆಯ ಗೋಡೆ ಕೆರೆದರೆ ಸುಣ್ಣದ ಕೆಳಗೆ ನೀಲಿ, ನೀಲಿಯ ಕೆಳಗೆ ಹಳದಿ ಸಿಗುತ್ತದಲ್ವಾ, ಹಾಗೆ.

ಮೇಲಿನ ಪದರ ಎಲ್ಲರಿಗೂ ಕಾಣುವಂಥದ್ದು. ಆಕ್ಸಿಲರೇಟರ್ ಬಿಟ್ಟಾಗ ಮಿಕ್ಕ ಟರ್ಬೊ ಗಾಳಿಗೆ ದಾರಿ ಕೊಡುವ ಡೈವರ್ಟರ್ ವಾಲ್ವ್ ಜಾಗದಲ್ಲಿ, ಅದನ್ನು ಹೊರಗೆ ಬಿಡುವ ಬ್ಲೋ ಆಫ್ ವಾಲ್ವ್. ಗೇರ್ ಬದಲಿಸುವಾಗ "ಪಿಸ್ಸ್" ಎನ್ನುವ ಆ ಶಬ್ದಕ್ಕೆ ಮರುಳಾಗಿ ಹಾಕಿಸಿದ್ದು. ಈ ಎಂಜಿನ್ನಿನಲ್ಲಿ ಅದು ದಂಡ. ಒಳಗೆ ಬರುವ ಗಾಳಿಯನ್ನು ಏರ್ ಫಿಲ್ಟರ್ ಹತ್ತಿರವೇ ಸೆನ್ಸರ್ ಅಳೆದಿರುತ್ತದೆ. ಇಸಿಯು ಅಷ್ಟು ಗಾಳಿಗೆ ತಕ್ಕ ಪೆಟ್ರೋಲ್ ಹಾಕುತ್ತದೆ. ಆ ಗಾಳಿಯನ್ನು ನೀವು ರಸ್ತೆಗೆ ಊದಿಬಿಟ್ಟರೆ ಪೆಟ್ರೋಲ್ ಮಾತ್ರ ಉಳಿಯುತ್ತದೆ. ಹಿಂದೆ ಕಪ್ಪು ಹೊಗೆ, ಗೇರ್ ಬಿದ್ದ ಮೇಲೆ ಒಂದು ಸಣ್ಣ ತಡವರಿಕೆ. ಕಂಪನಿಯ ವಾಲ್ವ್ ಆ ಗಾಳಿಯನ್ನು ಟರ್ಬೊಗೆ ಗಾಳಿ ಬರುವ ಪೈಪಿಗೇ ವಾಪಸ್ ಬಿಡುತ್ತದೆ. ಲೆಕ್ಕ ತಪ್ಪುವುದಿಲ್ಲ.

ಅದರ ಕೆಳಗಿನ ಪದರ ಸ್ವಲ್ಪ ಜಾಣತನದ್ದು. ಟರ್ಬೊದ ಒತ್ತಡವನ್ನು ಇಸಿಯು ಎನ್75 ಎಂಬ ಸಣ್ಣ ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಮೂಲಕ ನಿಯಂತ್ರಿಸುತ್ತದೆ. ಅದಕ್ಕೆ ಮೂರು ಮೂತಿ. ಒಂದಕ್ಕೆ ಟರ್ಬೊದಿಂದ ಗಾಳಿ, ಒಂದು ವೇಸ್ಟ್‌ಗೇಟಿಗೆ (ಒತ್ತಡ ಹೆಚ್ಚಾದಾಗ ಹೊಗೆಯನ್ನು ಟರ್ಬೊದ ಪಕ್ಕದಿಂದ ದಾಟಿಸುವ ಬಾಗಿಲು), ಇನ್ನೊಂದು ಗಾಳಿ ಒಳಬರುವ ಇನ್‌ಟೇಕಿಗೆ. ನನ್ನ ಕಾರಿನಲ್ಲಿ ಎನ್75 ತನ್ನ ಜಾಗದಲ್ಲೇ ಇತ್ತು, ಕರೆಂಟ್ ಪ್ಲಗ್ಗೂ ಕೂತಿತ್ತು. ಆದರೆ ಅದರ ಎರಡು ಮೂತಿಗಳನ್ನು ಒಂದು ಗೇಣು ಹೋಸಿನಿಂದ ಒಂದಕ್ಕೊಂದು ಸೇರಿಸಿಬಿಟ್ಟಿದ್ದರು. ತನ್ನ ಬಾಲ ತಾನೇ ಕಚ್ಚಿಕೊಂಡ ಹಾವು. ಟರ್ಬೊದಿಂದ ವೇಸ್ಟ್‌ಗೇಟಿಗೆ ಬೇರೆಯೇ ಹೋಸ್, ಅದರ ನಡುವೆ ಒಂದು ಹಿತ್ತಾಳೆಯ ಸಣ್ಣ ತಿರುಪು ವಾಲ್ವ್. ಎನ್75 ಒಳಗಿನ ಕಾಯಿಲ್ ಕರೆಂಟಿನ ಲೆಕ್ಕದಲ್ಲಿ ಸರಿಯಿರುವುದರಿಂದ ಇಸಿಯುಗೆ ಎನ್75 ಆರೋಗ್ಯವಾಗಿಯೇ ಕಾಣುತ್ತದೆ. ಫಾಲ್ಟ್ ಕೋಡ್ ಬರುವುದಿಲ್ಲ. ಒತ್ತಡ ಮಾತ್ರ ಹಿತ್ತಾಳೆ ತಿರುಪಿನ ಕೈಯಲ್ಲಿ.

ಎರಡನೇ ಭಾನುವಾರ ಲ್ಯಾಪ್‌ಟಾಪ್ ತಂದೆ. ಇಸಿಯು ಓದುವ ವಿಸಿಡಿಎಸ್ ಕೇಬಲ್ ಹಾಕಿ ನೋಡಿದರೆ ಒಂದೂ ಕೋಡ್ ಇಲ್ಲ. ಇಪ್ಪತ್ತು ವರ್ಷದ ಜರ್ಮನ್ ಎಂಜಿನ್ನಿನಲ್ಲಿ ಒಂದೂ ಕೋಡ್ ಇಲ್ಲ ಎಂದರೆ ನನಗೆ ಸಮಾಧಾನಕ್ಕಿಂತ ಅನುಮಾನ ಜಾಸ್ತಿ.

ಬೆಳಿಗ್ಗೆ ಐದೂವರೆಗೆ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುರತ್ಕಲ್ ಕಡೆ ಹೈವೇಗೆ ಹೋದೆ. ಅವನ ತೊಡೆಯ ಮೇಲೆ ಲ್ಯಾಪ್‌ಟಾಪ್, ಇನ್ನೊಂದು ಕೈಯಲ್ಲಿ ಬೂಸ್ಟ್, ಅಂದರೆ ಟರ್ಬೊ ಕೊಡುವ ಒತ್ತಡ, ಅಳೆಯುವ ಮೆಕ್ಯಾನಿಕಲ್ ಗೇಜ್. ಆ ಗೇಜಿಗೆ ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ನೇರ ಹೋಸ್ ಎಳೆದಿದ್ದೆ. ಮೂರನೇ ಗೇರ್, 2,000ದಿಂದ 4,500 ಆರ್‌ಪಿಎಂ ತನಕ ಪೂರ್ತಿ ಆಕ್ಸಿಲರೇಟರ್. ಇಸಿಯು ತನ್ನ ಅಳತೆಗಳನ್ನು ನಂಬರ್ ಹಾಕಿದ ಗ್ರೂಪ್‌ಗಳಲ್ಲಿ ತೋರಿಸುತ್ತದೆ. ಮೂರು ಗ್ರೂಪ್ ಲಾಗ್ ಮಾಡಿದೆವು: ಗಾಳಿಗೆ 003, ನಾಕಿಂಗ್‌ಗೆ (ಸಿಲಿಂಡರಿನಲ್ಲಿ ಇಂಧನ ಹದ ತಪ್ಪಿ ಸಿಡಿಯುವುದು) 020, ಬೂಸ್ಟಿಗೆ 115.

ಮನೆಗೆ ಬಂದು ಕಾಫಿ ಕುಡಿಯುತ್ತಾ ನೋಡಿದರೆ 4,500ರಲ್ಲಿ ಸೆಕೆಂಡಿಗೆ 131 ಗ್ರಾಂ ಗಾಳಿ. ಈ ಎಂಜಿನ್ನುಗಳಿಗೆ ಒಂದು ಒರಟು ಲೆಕ್ಕವಿದೆ. ಗ್ರಾಂ ಸಂಖ್ಯೆಯನ್ನು 0.8ರಿಂದ ಭಾಗಿಸಿದರೆ ಹಾರ್ಸ್‌ಪವರ್ ಸುಮಾರಾಗಿ ಗೊತ್ತಾಗುತ್ತದೆ. ಅಂದರೆ 4,500ಕ್ಕೇ 160ರ ಮೇಲೆ. ಕಂಪನಿಯ ಕಾರು ತನ್ನ 150ನ್ನು ಕೊಡುವುದು 5,700ರಲ್ಲಿ. ನಾಕಿಂಗ್ ಗ್ರೂಪಿನಲ್ಲಿ ಮೂರನೇ ಸಿಲಿಂಡರಿನ ಇಗ್ನಿಷನ್, ಅಂದರೆ ಕಿಡಿ ಹಾರುವ ಹೊತ್ತು, 9 ಡಿಗ್ರಿ ಹಿಂದಕ್ಕೆ ಸರಿದಿತ್ತು. ನಾಕಿಂಗ್ ತಡೆಯಲು ಇಸಿಯು ಹಾಗೆ ಸರಿಸುತ್ತದೆ. ಎರಡು ಮೂರು ಡಿಗ್ರಿ ಆದರೆ ಸರಿ. ಒಂಬತ್ತು ಎಂದರೆ ಎಂಜಿನ್ ಹಲ್ಲು ಕಚ್ಚಿಕೊಂಡು ಸಹಿಸುತ್ತಿದೆ ಎಂದರ್ಥ.

ಇವೆರಡಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು 115. ಇಸಿಯು ಕಾಣುತ್ತಿರುವ ಒತ್ತಡ 3,000 ಆರ್‌ಪಿಎಂಗೆ ಹತ್ತಿರ ಹತ್ತಿರ 1,900 ಮಿಲಿಬಾರ್ ತಲುಪಿ, ಅಲ್ಲಿಂದ 4,500ರ ತನಕ ಅಡ್ಡಗೆರೆ ಎಳೆದ ಹಾಗೆ ನಿಂತಿತ್ತು. ಬೂಸ್ಟ್ ಯಾವತ್ತೂ ಹಾಗಿರುವುದಿಲ್ಲ. ಏರುತ್ತದೆ, ಸ್ವಲ್ಪ ಮಿತಿ ಮೀರುತ್ತದೆ, ಇಳಿಯುತ್ತದೆ, ನಡುಗುತ್ತದೆ. ಗೆಳೆಯ ಗೇಜ್ ನೋಡಿ ಬರೆದಿಟ್ಟಿದ್ದು 1.15 ಬಾರ್. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಎನ್ನುವುದನ್ನು. ಮಂಗಳೂರಿನಲ್ಲಿ ಹೊರಗಿನ ಗಾಳಿಯೇ 1,010 ಮಿಲಿಬಾರ್. ಕೂಡಿಸಿದರೆ 2,160. ಇಸಿಯು ಹೇಳುವುದು 1,900. ನಡುವಿನ 260 ಮಿಲಿಬಾರ್ ಎಲ್ಲಿ ಹೋಯಿತು?

ಬೂಸ್ಟ್ ಸೆನ್ಸರ್, ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಪೈಪಿನ ಮೇಲಿರುತ್ತದೆ. ಮುಂದಿನ ಚಕ್ರ, ಚಕ್ರದ ಒಳಗಿನ ಲೈನರ್ ತೆಗೆದು ಅದನ್ನು ಹೊರಗೆ ತಂದೆ. ಅದರ ಕರೆಂಟ್ ಪ್ಲಗ್ ತೆಗೆಯಲಿಲ್ಲ. ಸೆನ್ಸರಿನ ಮೂತಿಗೆ ಕೈಪಂಪಿನ ಹೋಸ್ ಸಿಕ್ಕಿಸಿ, ಸಿಗ್ನಲ್ ವೈರಿಗೆ ಹಿಂದಿನಿಂದ ಮಲ್ಟಿಮೀಟರಿನ ಸೂಜಿ ತೂರಿಸಿ, ಇಗ್ನಿಷನ್ ಆನ್ ಮಾಡಿದೆ. ಪಂಪು ಒತ್ತುತ್ತಾ ಹೋದಂತೆ ವೋಲ್ಟು ಏರುತ್ತಾ ಹೋಯಿತು. 2.5, 2.9, 3.2, 3.5. ಆಮೇಲೆ ಪಂಪಿನ ಮುಳ್ಳು ಏರುತ್ತಲೇ ಇದೆ, ಮೀಟರ್ ಮಾತ್ರ 3.5 ದಾಟಲು ಒಲ್ಲೆ ಎನ್ನುತ್ತಿದೆ. ಇನ್ನೂ ಎರಡು ಸಲ ಒತ್ತಿದೆ. 3.55. ಅಷ್ಟೇ.

ಸೆನ್ಸರ್ ಹೋಗಿದೆ ಎಂದುಕೊಂಡು ಹೊಸತು ತರಿಸಬಹುದಿತ್ತು. ಆದರೆ ಪ್ಲಗ್ಗಿನಿಂದ ಒಂದು ಗೇಣು ಹಿಂದೆ ವೈರಿಂಗ್ ಮೇಲೆ ಸುತ್ತಿದ ಟೇಪು ಕಣ್ಣಿಗೆ ಬಿತ್ತು. ಕಂಪನಿಯದ್ದು ಬಟ್ಟೆಯಂಥ ಒರಟು ಟೇಪು. ಇದು ಅಂಗಡಿಯ ನುಣುಪು ಕಪ್ಪು ಟೇಪು. ಬ್ಲೇಡಿನಿಂದ ಮೆಲ್ಲಗೆ ಸೀಳಿದೆ. ಒಳಗೆ ಸಿಗ್ನಲ್ ವೈರಿಗೂ ಗ್ರೌಂಡ್ ವೈರಿಗೂ ನಡುವೆ ಬೆಸುಗೆ ಹಾಕಿದ ಒಂದು ಗಾಜಿನ ಡಯೋಡ್. ಜೀರಿಗೆಗಿಂತ ಚೂರು ದಪ್ಪ, ಕಿತ್ತಳೆ ಮೈ, ಒಂದು ತುದಿಗೆ ಕಪ್ಪು ಪಟ್ಟಿ. ಭೂತಗನ್ನಡಿ ಹಿಡಿದರೆ 3ವಿ6 ಎಂದು ಓದಲು ಬಂತು. 3.6 ವೋಲ್ಟಿನ ಝೀನರ್.

ಝೀನರ್ ಮಾಡುವ ಕೆಲಸ ಇಷ್ಟೇ. ತನ್ನ ಮಿತಿ ಹತ್ತಿರ ಬರುವವರೆಗೆ ಸುಮ್ನಿರುತ್ತದೆ. ಅದರ ಮೇಲಿನದ್ದನ್ನು ಗ್ರೌಂಡಿಗೆ ಹರಿಸಿಬಿಡುತ್ತದೆ. ಒಳಗೆ ಎಷ್ಟೇ ಒತ್ತಡವಿದ್ದರೂ ಇಸಿಯುಗೆ ಗೊತ್ತಾಗುವುದು ಅಷ್ಟೇ. ಮಿತಿ ಮೀರಿದಾಗ ಥ್ರಾಟಲ್ ಮುಚ್ಚಿ ಎಂಜಿನ್ ಉಳಿಸಬೇಕಾದ ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ. ಐದು ರೂಪಾಯಿಯೂ ಬಾಳದ ಪಾರ್ಟ್. ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಬೆಸುಗೆ ಬಹಳ ಚೆನ್ನಾಗಿತ್ತು. ಕೆಲಸ ಬಲ್ಲವರೇ ಮಾಡಿದ್ದು.

ಈಗ ಬಿ.ಸಿ. ರೋಡ್ ಪ್ರಶ್ನೆಗೆ ಬರೋಣ. ಕುಕ್ಕರಿನ ವೆಯ್ಟ್ ನೆನಪಿಸಿಕೊಳ್ಳಿ. ಅದು ಒಳಗಿನ ಒತ್ತಡವನ್ನು ಹೊರಗಿನ ಗಾಳಿಗೆ ಹೋಲಿಸಿ ಏಳುತ್ತದೆ. ಹಿತ್ತಾಳೆ ತಿರುಪೂ ಹಾಗೆಯೇ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಅಲ್ಲಿ ಹೊರಗಿನ ಗಾಳಿ ಸುಮಾರು 910 ಮಿಲಿಬಾರ್. ಅದೇ 1.15 ಬಾರ್ ಬೂಸ್ಟ್ ಅಲ್ಲಿ ಒಟ್ಟು 2,060 ಆಗುತ್ತದೆ. ಕರಾವಳಿಗೆ ಇಳಿದರೆ ಯಾರೂ ಏನೂ ತಿರುಗಿಸದೆಯೇ ನೂರು ಮಿಲಿಬಾರ್ ಜಾಸ್ತಿ. ಕಂಪನಿಯ ವ್ಯವಸ್ಥೆಯಲ್ಲಿ ಇಸಿಯು ಒಟ್ಟು ಒತ್ತಡವನ್ನೇ ನೋಡಿ ಎನ್75ರಿಂದ ಸರಿ ಮಾಡಿಕೊಳ್ಳುತ್ತಿತ್ತು. ಇಲ್ಲಿ ಅದರ ಕೈಯೂ ಕಟ್ಟಿತ್ತು, ಕಣ್ಣೂ ಕಟ್ಟಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಕಿಡಿ ಹಾರುವ ಗ್ಯಾಪ್ 1.1 ಎಂಎಂ. ಟರ್ಬೊ ಎಂಜಿನ್ನಿಗೆ ಅದು ಅಗಲ. ಬೆಂಗಳೂರಿನಲ್ಲಿ ಹೇಗೋ ಹಾರುತ್ತಿದ್ದ ಕಿಡಿ, ಇಲ್ಲಿನ ದಟ್ಟ ಗಾಳಿಯಲ್ಲಿ ಆರಿಹೋಗುತ್ತಿತ್ತು. ಅದೇ ಆ ಕುಕ್ಕುವಿಕೆ.

ಸರಿ, ಇಷ್ಟಾದ ಮೇಲೆ ಪೆಟ್ರೋಲ್ ಕಡೆಯಾದರೂ ಚೆನ್ನಾಗಿರಬಹುದು ಎಂದುಕೊಂಡೆ. 032 ಗ್ರೂಪಿನಲ್ಲಿ ಫ್ಯುಯೆಲ್ ಟ್ರಿಮ್ (ಪೆಟ್ರೋಲ್ ಲೆಕ್ಕಕ್ಕೆ ಇಸಿಯು ತಾನೇ ಮಾಡಿಕೊಳ್ಳುವ ತಿದ್ದುಪಡಿ) ಮೈನಸ್ 6 ಪರ್ಸೆಂಟ್ ತೋರಿಸುತ್ತಿತ್ತು. ಪ್ಲಸ್ ಮೈನಸ್ 10ರ ಒಳಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಾನೂ ಬಿಟ್ಟುಬಿಡುತ್ತಿದ್ದೆ. ರಾತ್ರಿ ಮಲಗಿದಾಗ ತಲೆಯಲ್ಲಿ ಹುಳ ಕೊರೆಯಿತು. ಈಗ ಬಂಕಿನಲ್ಲಿ ಸಿಗುವುದು ಇ20 ಪೆಟ್ರೋಲ್. ಐದನೇ ಒಂದು ಭಾಗ ಎಥನಾಲ್. ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಅದೇ ಗಾಳಿಗೆ ಇಂಧನ ಸುಮಾರು 8 ಪರ್ಸೆಂಟ್ ಜಾಸ್ತಿ ಬೇಕು. 2005ರ ಕಾರಿನಲ್ಲಿ ಟ್ರಿಮ್ ಪ್ಲಸ್ 8ರ ಹತ್ತಿರ ಇರಬೇಕಿತ್ತು. ಮೈನಸ್ 6 ಹೇಗೆ ಬಂತು?

ಬೆಳಿಗ್ಗೆ ಎದ್ದು ಮೊದಲು ನೋಡಿದ್ದೇ ಇಂಜೆಕ್ಟರುಗಳಿಗೆ ಪೆಟ್ರೋಲ್ ಕೊಡುವ ಫ್ಯುಯೆಲ್ ರೇಲಿನ ತುದಿಯಲ್ಲಿರುವ ಪ್ರೆಷರ್ ರೆಗ್ಯುಲೇಟರ್. ಕಂಪನಿಯದ್ದು 3 ಬಾರ್. ನನ್ನದರ ಮೈಮೇಲೆ 4 ಎಂದು ಒತ್ತಿತ್ತು. ಒತ್ತಡ ಮೂರರಿಂದ ನಾಲ್ಕಕ್ಕೆ ಏರಿದರೆ ಇಂಜೆಕ್ಟರಿನಿಂದ ಹರಿಯುವ ಪೆಟ್ರೋಲ್ ಅದರ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ, ಅಂದರೆ ಸುಮಾರು 15 ಪರ್ಸೆಂಟ್. ಅದನ್ನು ಸರಿದೂಗಿಸಲು ಟ್ರಿಮ್ ಮೈನಸ್ 13ರ ತನಕ ಹೋಗಬೇಕು. ಇ20 ಅದನ್ನು ಎಂಟರಷ್ಟು ಮೇಲೆ ಎಳೆದಿತ್ತು. ಎರಡು ತಪ್ಪು ಸೇರಿ ನೋಡಲು ಒಂದು ಸರಿ ಮಾಡಿಕೊಂಡು ಕೂತಿದ್ದವು. ಏಳು ವಾರದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಕ್ಷಣ ಇದು ಎಂದು ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ.

ಇಸಿಯು ಇರುವುದು ವೈಪರಿನ ಕೆಳಗಿನ ತಗ್ಗಿನಲ್ಲಿ. ಮುಚ್ಚಳ ತೆಗೆದರೆ ನೀರು ಹೋಗುವ ತೂತಿಗೆ ಕೊಳೆತ ಎಲೆಗಳು ಅಡ್ಡ ಕೂತಿದ್ದವು. ಬೆಂಗಳೂರಿಗೆ ಅದು ನಡೆಯುತ್ತದೆ, ನಮ್ಮ ಜುಲೈ ತಿಂಗಳಿಗೆ ನಡೆಯುವುದಿಲ್ಲ. ಎಲೆ ಬಳಿದು ಹಾಕಿದೆ. ಪೆಟ್ಟಿಗೆಯ ಅಂಚಿನಲ್ಲಿ ಎರಡು ಬಣ್ಣದ ಸಿಲಿಕಾನ್. ಒಮ್ಮೆ ಬಿಚ್ಚಿ ಮುಚ್ಚಿದ್ದಾರೆ. ಇದನ್ನು ಮಾತ್ರ ನಾನು ಮುಟ್ಟಲಿಲ್ಲ. ಇದೇ ಕೆಲಸ ಮಾಡುವ ಪರಿಚಯದವರೊಬ್ಬರ ಹತ್ತಿರ ಒಯ್ದೆ. ಅವರು ಒಳಗಿನ ಫೈಲ್ ಓದಿ, ಅದೇ ಸಾಫ್ಟ್‌ವೇರ್ ನಂಬರಿನ ಮೂಲ ಫೈಲಿನ ಪಕ್ಕ ಇಟ್ಟು ತೋರಿಸಿದರು. ಎಲ್‌ಡಿಆರ್‌ಎಕ್ಸ್‌ಎನ್ ಎಂಬ ಟೇಬಲ್, ಅಂದರೆ ಇಸಿಯು ಕೇಳಬಹುದಾದ ಗರಿಷ್ಠ ಲೋಡ್, ಉದ್ದಕ್ಕೂ ಏರಿಸಿದ್ದರು. ಇಗ್ನಿಷನ್ ಟೇಬಲ್ ಹಾಗೇ ಇತ್ತು. ಮಾರಿದವರು ಹೇಳಿದ ಸ್ಟೇಜ್ ಒನ್ ಇದೇ. ನಿಜ ಹೇಳಬೇಕೆಂದರೆ, ಇದೊಂದೇ ಇದ್ದಿದ್ದರೆ ನಾನು ಅಷ್ಟು ಬೈಯುತ್ತಿರಲಿಲ್ಲ.

ಕ್ಲಿಪ್‌ಗಳ ತುಕ್ಕು, ಟೇಪಿನ ಅಂಟು, ಸಿಲಿಕಾನಿನ ಬಣ್ಣ ಎಲ್ಲ ಸೇರಿಸಿ ನಾನು ಕಟ್ಟಿಕೊಂಡ ಕಥೆ ಇದು. ಮೊದಲನೆಯವರು ಮ್ಯಾಪ್ ಮಾಡಿಸಿದರು. ಎರಡನೆಯವರಿಗೆ ಅದು ಸಾಲಲಿಲ್ಲ, ಹಿತ್ತಾಳೆ ತಿರುಪು ಬಂತು. ಬೂಸ್ಟ್ ಮಿತಿ ಮೀರಿದಾಗಲೆಲ್ಲ ಇಸಿಯು ಕಟ್ ಮಾಡತೊಡಗಿತು. ಕಟ್ ನಿಲ್ಲಿಸಲು ಡಯೋಡ್. ಬೂಸ್ಟ್ ಜಾಸ್ತಿಯಾಗಿದೆ, ಪೆಟ್ರೋಲ್ ಕಡಿಮೆಯಾದೀತು ಎಂದು ಹೆದರಿ 4 ಬಾರ್ ರೆಗ್ಯುಲೇಟರ್. ಕೊನೆಗೆ ಪಿಸ್ಸ್. ಒಬ್ಬೊಬ್ಬರೂ ಹಿಂದಿನವರ ತಪ್ಪಿನ ಲಕ್ಷಣ ಮುಚ್ಚಿದ್ದಾರೆ, ತಪ್ಪನ್ನು ತೆಗೆದಿಲ್ಲ.

ಎಂಜಿನ್ ಒಳಗೆ ಎಷ್ಟು ಪೆಟ್ಟಾಗಿದೆ ಎಂಬ ಭಯವಿತ್ತು. ಕಾಯಿಲ್, ಇಂಜೆಕ್ಟರ್ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್, ಅಂದರೆ ಒಂದೊಂದು ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಎಂದು, ನೋಡಿದೆ. 11.2, 11.0, 10.8, 11.1 ಬಾರ್. ಒಂಬತ್ತು ಡಿಗ್ರಿ ಪೆಟ್ಟು ತಿಂದ ಮೂರನೇ ಸಿಲಿಂಡರ್ ಸ್ವಲ್ಪ ಕಡಿಮೆ, ಆದರೆ ಅರ್ಧ ಬಾರ್ ವ್ಯತ್ಯಾಸವೂ ಇಲ್ಲ. ಗಟ್ಟಿ ಎಂಜಿನ್. ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ, ಅಂದರೆ ಸಂಪ್, ಇಳಿಸಿದಾಗ ಆಯಿಲ್ ಹೀರುವ ಜಾಲರಿಯಲ್ಲಿ ಶಾವಿಗೆಯಂಥ ಕೆಂಪು ಸಿಲಿಕಾನ್ ಎಳೆಗಳು. ಹಿಂದೆ ಯಾರೋ ಸಂಪಿಗೆ ಗಮ್ ಧಾರಾಳವಾಗಿ ಮೆತ್ತಿದ್ದರು. ಚಿಮುಟದಿಂದ ಒಂದೊಂದೇ ಎಳೆದು ತೆಗೆದೆ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಎಂದು ಯಾರಿಗೂ ಗೊತ್ತಿಲ್ಲ. ಈ ಎಂಜಿನ್ನಿನಲ್ಲಿ ಬೆಲ್ಟ್ ಹರಿದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ. ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಕೇಳದೆಯೇ ಬದಲಾಯಿಸಿದೆ.

ಆಮೇಲೆ ಎಲ್ಲವನ್ನೂ ಕಂಪನಿ ಸ್ಥಿತಿಗೆ ತಂದೆ. ಮೂಲ ಫೈಲ್. 3 ಬಾರ್ ರೆಗ್ಯುಲೇಟರ್. ಪಾರ್ಟ್ ನಂಬರಿನ ಕೊನೆಯಲ್ಲಿ 710 ಎನ್ ಎಂದಿರುವ ಡೈವರ್ಟರ್ ವಾಲ್ವ್. ಹೊಸ ಎನ್75, ಮೂರು ಹೋಸ್, ಕಂಪನಿಯ ಸ್ಪ್ರಿಂಗ್ ಕ್ಲಿಪ್. ಪ್ಲಗ್ಗಿಗೆ 0.8 ಎಂಎಂ ಗ್ಯಾಪ್. ಪೇಂಟ್ ಡಬ್ಬಿ, ಬೇಬಿ ಆಯಿಲ್, ಸೈಕಲ್ ಪಂಪು ಸೇರಿಸಿ ಮನೆಯಲ್ಲೇ ಹೊಗೆ ಮಾಡಿ, ಗಾಳಿ ಸೋರುವ ಜಾಗ ಹುಡುಕಲು ಇನ್‌ಟೇಕಿಗೆ ಊದಿದೆ. ಬ್ರೀದರ್ ಹೋಸ್ ಎರಡು ಕಡೆ ಒಡೆದಿತ್ತು, ಬದಲಾಯಿಸಿದೆ. ಎಲ್ಲ ಒಂದೇ ದಿನ ಮಾಡಲಿಲ್ಲ. ಒಂದು ಬದಲಾವಣೆ, ಒಂದು ಲಾಗ್. ಮೊದಲು ಡಯೋಡ್ ತೆಗೆದು ನೋಡಿದಾಗ ಕಾರು 3,000 ದಾಟುತ್ತಿದ್ದಂತೆ ಥಟ್ಟನೆ ಶಕ್ತಿ ಕಟ್ ಮಾಡಿ ಓವರ್‌ಬೂಸ್ಟ್ ಕೋಡ್ ಹಾಕಿತು. ಅಬ್ಬಾ, ಕಾವಲುಗಾರ ಎದ್ದ ಎಂದು ಖುಷಿಯಾಯಿತು. ಪಕ್ಕದಲ್ಲಿದ್ದ ಗೆಳೆಯನಿಗೆ ಮಾತ್ರ ಕೋಡ್ ಬಂದದ್ದಕ್ಕೆ ಇವನೇಕೆ ನಗುತ್ತಿದ್ದಾನೆ ಎಂದು ಅರ್ಥವಾಗಲಿಲ್ಲ.

ಕೆಲವರು ಕೇಳಿದರು, ಇಷ್ಟೆಲ್ಲ ಶಕ್ತಿ ಯಾಕೆ ತೆಗೆದೆ ಎಂದು. ಹದಿನೈದು ವರ್ಷ ದಾಟಿದ ಗಾಡಿ, ಆರ್‌ಸಿ ನವೀಕರಣಕ್ಕೆ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಹೇಳಿದ ವಿವರಕ್ಕೂ ಆರ್‌ಸಿಯ ವಿವರಕ್ಕೂ ತಾಳೆಯಾಗದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿ ಹೇಳಿದೆ. ಇನ್ಶೂರೆನ್ಸ್‌ನವರಿಗೆ ಹೇಳದ ಬದಲಾವಣೆ ಇದ್ದರೆ ಕ್ಲೈಮ್ ದಿನ ಅದೇ ನೆಪವಾಗಬಹುದು. ಇದೆಲ್ಲ ನಿಜವೇ. ಆದರೂ ನನ್ನ ಕಾರಣ ಅದಲ್ಲ. ಅಳತೆಯೇ ಸುಳ್ಳು ಹೇಳುವ ಎಂಜಿನ್ನಿಗೆ ರಿಪೇರಿ ಮಾಡುವುದು ಹೇಗೆ ಎಂದು ನನಗೆ ಗೊತ್ತಿಲ್ಲ.

ಕೊನೆಯ ಲಾಗ್ ಹೀಗಿದೆ. ಬೂಸ್ಟ್ 1,600 ಮಿಲಿಬಾರ್ ಆಸುಪಾಸು, ಇಸಿಯು ಕೇಳಿದ್ದಕ್ಕೂ ಬಂದದ್ದಕ್ಕೂ ಹೆಚ್ಚು ಅಂತರವಿಲ್ಲ. ಗೆರೆ ಈಗ ನೇರವಿಲ್ಲ, ನಡುಗುತ್ತದೆ. 4,500ರಲ್ಲಿ 104 ಗ್ರಾಂ ಗಾಳಿ. ನಾಕಿಂಗ್ ಯಾವ ಸಿಲಿಂಡರಿನಲ್ಲೂ 3 ಡಿಗ್ರಿ ದಾಟಿಲ್ಲ. ಟ್ರಿಮ್ ಪ್ಲಸ್ 8. ಮೊನ್ನೆ ಶಿರಾಡಿ ಹತ್ತಿ ಸಕಲೇಶಪುರಕ್ಕೆ ಹೋಗಿ ಚಹಾ ಕುಡಿದು ಬಂದೆ. ಏರುವಾಗಲೂ ಇಳಿಯುವಾಗಲೂ ಒಂದೇ ಸಮ ಓಡಿತು. ಮೊದಲಿಗಿಂತ ನಿಧಾನ ಎನ್ನುವುದು ಸುಳ್ಳಲ್ಲ.

ತೆಗೆದದ್ದೆಲ್ಲ ಒಂದು ಬಿಸ್ಕತ್ ಡಬ್ಬದಲ್ಲಿದೆ. ಡಯೋಡನ್ನು ಮಾತ್ರ ಬಿಳಿ ಕಾಗದಕ್ಕೆ ಅಂಟಿಸಿ ತಾರೀಖು ಬರೆದು ನೋಟ್‌ಬುಕ್ಕಿನಲ್ಲಿ ಇಟ್ಟಿದ್ದೇನೆ. ಮಾರಿದವರಿಗೆ ಫೋಟೊ ಕಳಿಸಿದೆ. "ಇದೇನು ಸರ್?" ಎಂದು ಕೇಳಿದರು.

ಇನ್ನೊಂದು ಬಾಕಿ ಇದೆ. ಸ್ಟೇರಿಂಗ್ ಕೆಳಗೆ ಫ್ಯೂಸ್ ಬಾಕ್ಸಿನಿಂದ ಒಂದು ನೀಲಿ ವೈರ್ ಹೊರಟಿದೆ. ಅಂಗಡಿಯ ವೈರು, ಕಂಪನಿಯದ್ದಲ್ಲ. ಇಗ್ನಿಷನ್ ಆನ್ ಮಾಡಿದರೆ ಅದರಲ್ಲಿ 12 ವೋಲ್ಟ್ ಬರುತ್ತದೆ. ಕಾರ್ಪೆಟ್ ಕೆಳಗೆ ನುಗ್ಗಿ ಹಿಂದಿನ ಸೀಟಿನ ಕಡೆ ಹೋಗುತ್ತದೆ. ಮುಂದಿನ ಭಾನುವಾರ ಸೀಟು ಬಿಚ್ಚಬೇಕು.